ಹಿಡಿಸದಿರುವುದು ಬೇರೆ, ಕೆಟ್ಟಿರುವುದು ಬೇರೆ: ಮೈಕ್ರೋಬ್ರೂವರಿ ಬಿಯರ್ ಕುರಿತು ಓದುಗರ ಪ್ರಶ್ನೆಗಳು

ಸಣ್ಣ ಬ್ರೂವರಿಗಳ ಬಿಯರ್ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದದ್ದೇ ನೆಪವಾಗಿ ಪತ್ರಗಳು ಬಂದಿವೆ. ರುಚಿ ನೋಡುವ ಆಸೆ ಬರೆದವರೆಲ್ಲರಿಗೂ ಇದೆ, ತೀರ್ಪು ಕೊಡುವ ಧೈರ್ಯ ಮಾತ್ರ ಇಲ್ಲ. ಅವುಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಗೆಳೆಯರೆಲ್ಲ ಹೊಗಳುವ ಮಬ್ಬು ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಬಗೆಯ ಬಿಯರ್) ನನಗೆ ಕದಡಿದ ನೀರಿನಂತೆ ಕಂಡಿತು. ಹುಳಿ ಬಿಯರ್ ಅಂತೂ ಕೆಟ್ಟುಹೋದದ್ದೇ ಇರಬೇಕು ಅನ್ನಿಸಿತು. ರುಚಿ ಅವರವರ ನಾಲಿಗೆಗೆ ಬಿಟ್ಟದ್ದು ಎಂದಾದರೆ ಬಿಯರಿಗೆ ಅಂಕ ಕೊಡುವುದಕ್ಕೆ ಏನರ್ಥ?

ಉತ್ತರ: ನೀವು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದ್ದೀರಿ. ‘ನನಗೆ ಹಿಡಿಸಲಿಲ್ಲ’ ಎನ್ನುವುದು ನಿಮ್ಮ ಬಗೆಗಿನ ಮಾತು, ಅದನ್ನು ಯಾರೂ ಅಲ್ಲಗಳೆಯಲಾರರು. ‘ಇದು ಕೆಟ್ಟಿದೆ’ ಎನ್ನುವುದು ಬಿಯರಿನ ಬಗೆಗಿನ ಮಾತು, ಅದಕ್ಕೆ ಕಾರಣ ಕೊಡಬೇಕಾಗುತ್ತದೆ. ಕಾರಣ ಹುಡುಕಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ, ಇದನ್ನು ಮಾಡಿದವರು ಏನು ಮಾಡಲು ಹೊರಟಿದ್ದರು ಎಂಬುದು. 1842ರಲ್ಲಿ ಇಂದಿನ ಜೆಕ್ ದೇಶದ ಪಿಲ್ಸೆನ್ ಪಟ್ಟಣದಲ್ಲಿ ಬ್ರೂವರ್ ಯೋಸೆಫ್ ಗ್ರೋಲ್ ಹೊಂಬಣ್ಣದ ತಿಳಿ ಲಾಗರ್ (ತಣ್ಣಗೆ, ನಿಧಾನಕ್ಕೆ ಹುದುಗಿಸುವ ಬಿಯರ್) ತಯಾರಿಸಿದ ಮೇಲೆ ‘ಬಿಯರ್ ಎಂದರೆ ಕನ್ನಡಿಯಂತೆ ತಿಳಿಯಾಗಿರಬೇಕು’ ಎಂಬ ಭಾವನೆ ಜಗತ್ತಿನ ಉದ್ದಗಲಕ್ಕೂ ಬೇರೂರಿತು. ಪಿಲ್ಸ್‌ನರ್ ಎಂದು ಹೆಸರಿಟ್ಟ ಬಿಯರ್ ಮಬ್ಬಾಗಿದ್ದರೆ ಅಂಕ ಕಳೆಯುವುದು ನ್ಯಾಯವೇ. ಆದರೆ ಓಟ್ಸ್, ಗೋಧಿಗಳ ಪ್ರೋಟೀನು ಮತ್ತು ಕೊನೆಯ ಹಂತದಲ್ಲಿ ಧಾರಾಳವಾಗಿ ಸುರಿದ ಹಾಪ್ಸ್ (ಬಿಯರಿಗೆ ಕಹಿ ಮತ್ತು ಘಮ ಕೊಡುವ ಹೂವು) ಸೇರಿ ಆ ಐಪಿಎಯಲ್ಲಿ ಉಂಟಾದ ಮಬ್ಬು ಬೇಕೆಂದೇ ಉಳಿಸಿಕೊಂಡದ್ದು. ಅದು ತಿಳಿಯಾಗಿ ಬಂದಿದ್ದರೇ ಅನುಮಾನಪಡಬೇಕಿತ್ತು.

ಹುಳಿಯ ಕಥೆಯೂ ಇಂಥದೇ. ಬ್ರಸೆಲ್ಸ್ ಸುತ್ತಮುತ್ತಲಿನ ಲ್ಯಾಂಬಿಕ್ ಬಿಯರಿಗೆ ಯೀಸ್ಟನ್ನು ಯಾರೂ ಬೆರೆಸುವುದಿಲ್ಲ. ಕುದಿಸಿದ ಧಾನ್ಯದ ರಸವನ್ನು ರಾತ್ರಿಯಿಡೀ ತೆರೆದ ತೊಟ್ಟಿಯಲ್ಲಿ ಆರಲು ಬಿಟ್ಟಾಗ ಗಾಳಿಯಿಂದ ಬಂದು ಸೇರುವ ಕಾಡು ಯೀಸ್ಟು ಮತ್ತು ಬ್ಯಾಕ್ಟೀರಿಯಾಗಳೇ ಮುಂದೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಅದನ್ನು ಹುಳಿಗೊಳಿಸುತ್ತವೆ. ಅದೇ ಹುಳಿ ಒಂದು ಸಾದಾ ಲಾಗರಿನಲ್ಲಿ ಕಂಡರೆ ಸೋಂಕು ತಗುಲಿದೆ ಎಂದು ಅರ್ಥ. ಲವಂಗದ ವಾಸನೆಯನ್ನೇ ನೋಡಿ: ಜರ್ಮನ್ ಗೋಧಿ ಬಿಯರಿನಲ್ಲಿ ಅದು ಇಲ್ಲದಿದ್ದರೆ ಕೊರತೆ, ಪಿಲ್ಸ್‌ನರಿನಲ್ಲಿ ಇದ್ದರೆ ದೋಷ, ಎರಡೂ ಕಡೆ ವಾಸನೆಯ ಮೂಲವಸ್ತು ಮಾತ್ರ ಒಂದೇ.

ಅಂಕಪಟ್ಟಿಗಳು ಹುಟ್ಟಿದ್ದೇ ಈ ಎರಡು ಮಾತುಗಳನ್ನು ಬೇರ್ಪಡಿಸಲು. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಮ್‌ನ ಪಟ್ಟಿಯಲ್ಲಿ ಒಟ್ಟು 50 ಅಂಕಗಳಿವೆ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಮೈಕಟ್ಟಿಗೆ 5, ಒಟ್ಟಾರೆ ಅನುಭವಕ್ಕೆ 10. ನೋಟಕ್ಕೆ ಮೂರೇ ಅಂಕ ಎಂಬುದನ್ನು ಗಮನಿಸಿ. ನಿಮ್ಮ ‘ಕದಡಿದ ನೀರು’ ಎಂಬ ದೂರನ್ನು ಪೂರ್ತಿ ಒಪ್ಪಿಕೊಂಡರೂ ಆ ಬಿಯರ್ 47ಕ್ಕೆ ಹೋರಾಡಬಲ್ಲದು. ನಿಮಗೆ ಹಿಡಿಸಿತೋ ಇಲ್ಲವೋ ಎಂಬುದಕ್ಕೆ ಜಾಗವಿರುವುದು ಕೊನೆಯ 10ರಲ್ಲಿ, ಅದೂ ಒಂದು ಪಾಲು ಮಾತ್ರ.

ಪ್ರಶ್ನೆ: ಒಂದೇ ಹಲಗೆಯ ಮೇಲೆ ಐದಾರು ಪುಟ್ಟ ಲೋಟಗಳಲ್ಲಿ ಬೇರೆ ಬೇರೆ ಬಿಯರ್ ತಂದಿಟ್ಟಾಗ ಎಲ್ಲಿಂದ ಶುರು ಮಾಡಬೇಕು? ಮೂರನೆಯ ಲೋಟದ ಹೊತ್ತಿಗೆ ನನಗೆ ಎಲ್ಲವೂ ಒಂದೇ ರುಚಿ.

ಉತ್ತರ: ಮೂರನೆಯ ಲೋಟಕ್ಕೆ ಎಲ್ಲವೂ ಒಂದೇ ಆದವೆಂದರೆ ಬಹುಶಃ ಮೊದಲನೆಯ ಲೋಟವೇ ಹೆಚ್ಚು ಕಹಿಯದೋ ಹೆಚ್ಚು ಮದ್ಯಾಂಶದ್ದೋ ಆಗಿತ್ತು. ಹಗುರದಿಂದ ಗಟ್ಟಿಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಸಾಗಬೇಕು. ಹೊಗೆ ವಾಸನೆಯ ಬಿಯರ್ ಇದ್ದರೆ ಅದು ಸರದಿಯ ತುದಿಯಲ್ಲಿರಲಿ. ಬಣ್ಣವನ್ನು ನಂಬಿ ಸಾಲು ಹಚ್ಚಬೇಡಿ. ಕಪ್ಪಗಿರುವ ಡ್ರೈ ಸ್ಟೌಟ್ ಎಷ್ಟೋ ಸಲ 4–5 ಶೇಕಡಾ ಮದ್ಯಾಂಶದ ಹಗುರ ಬಿಯರ್, ಪಕ್ಕದಲ್ಲಿ ಹೊಂಬಣ್ಣದಲ್ಲಿ ಮುಗ್ಧವಾಗಿ ಕುಳಿತ ಬೆಲ್ಜಿಯನ್ ಟ್ರಿಪೆಲ್ 8–9 ಶೇಕಡಾದ್ದು. ಆರು ಬಗೆ, ಒಂದೊಂದೂ 100 ಮಿಲಿಲೀಟರ್ ಮೀರದಷ್ಟು, ನಡುವೆ ನೀರು, ಬೇಕಿದ್ದರೆ ಉಪ್ಪಿಲ್ಲದ ಬ್ರೆಡ್ಡಿನ ತುಂಡು: ಒಂದು ಕೂಟಕ್ಕೆ ಇಷ್ಟು ಸಾಕು. ಗಾಡಿ ಓಡಿಸುವವರು ಈ ಸರದಿಯಲ್ಲಿ ಕೂರುವಂತಿಲ್ಲ.

ಕುಡಿಯುವ ಮುನ್ನ ಲೋಟ ನೋಡಿ. ಬಿಯರ್ ಸುರಿದ ಮೇಲೆ ಗಾಜಿನ ಒಳಮೈಗೆ ಗುಳ್ಳೆಗಳು ಗುಂಪಾಗಿ ಅಂಟಿಕೊಂಡು ಕೂತಿದ್ದರೆ ಅಲ್ಲಿ ಜಿಡ್ಡೋ ಕೊಳೆಯೋ ಉಳಿದಿದೆ. ನೊರೆ ಕಣ್ಣೆದುರೇ ಕರಗಿಹೋದರೂ ಮೊದಲು ಅನುಮಾನಿಸಬೇಕಾದದ್ದು ಲೋಟವನ್ನು. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಪ್ರೋಟೀನು ಮತ್ತು ಹಾಪ್ಸಿನ ಕಹಿ ಅಂಶ ಸೇರಿ ಹೆಣೆಯುವ ನೊರೆಯನ್ನು ಒಂದಿಷ್ಟು ಜಿಡ್ಡು ಹರಿದುಹಾಕಬಲ್ಲದು. ಮನೆಯಲ್ಲಿ ಪರೀಕ್ಷಿಸುವುದಾದರೆ ತೊಳೆದ ಲೋಟ ಇನ್ನೂ ಒದ್ದೆಯಿರುವಾಗ ಒಳಗೆ ಪುಡಿ ಉಪ್ಪು ಉದುರಿಸಿ. ಶುದ್ಧವಾಗಿದ್ದರೆ ಉಪ್ಪು ಎಲ್ಲ ಕಡೆ ಸಮನಾಗಿ ಹತ್ತುತ್ತದೆ, ಜಿಡ್ಡಿದ್ದ ಕಡೆ ಬೋಳಾಗಿ ಉಳಿಯುತ್ತದೆ.

ಸುರಿದ ಕೂಡಲೇ ಮೂಸಬೇಕು, ಏಕೆಂದರೆ ಗಂಧಕದಂಥ ಕೆಲವು ವಾಸನೆಗಳು ಒಂದೆರಡು ನಿಮಿಷದಲ್ಲಿ ಹಾರಿಹೋಗುತ್ತವೆ. ಅಂಗೈಯಿಂದ ಲೋಟದ ಬಾಯಿ ಮುಚ್ಚಿ, ನಿಧಾನಕ್ಕೆ ಎರಡು ಸುತ್ತು ತಿರುಗಿಸಿ, ಕೈ ತೆಗೆದು ಉದ್ದನೆಯ ಒಂದು ಉಸಿರಿಗಿಂತ ಚಿಕ್ಕ ಚಿಕ್ಕ ಮೂರು ಉಸಿರು ಎಳೆದುಕೊಳ್ಳಿ. ಮೂಗು ದಣಿದರೆ ನಿಮ್ಮದೇ ಅಂಗಿಯ ತೋಳನ್ನು ಮೂಸಿದರೆ ಮತ್ತೆ ಹದಕ್ಕೆ ಬರುತ್ತದೆ. ಅಂದ ಹಾಗೆ ಆ ದಿನ ಸುಗಂಧ ಪೂಸಿಕೊಂಡು ಹೋಗಬೇಡಿ, ಪಕ್ಕದವರ ಶಾಪ ತಟ್ಟುತ್ತದೆ. ಗುಟುಕನ್ನು ಬಾಯಿ ತುಂಬ ಹರಡಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಹೊರಗೆ ಬಿಡಿ. ನಾವು ರುಚಿ ಎಂದುಕೊಳ್ಳುವುದರಲ್ಲಿ ಹೆಚ್ಚಿನದು ಆಗ ಹಿಂಬಾಗಿಲಿನಿಂದ ಮೂಗಿಗೆ ಬಂದ ವಾಸನೆಯೇ. ವೈನ್ ಪರೀಕ್ಷಕರು ಉಗುಳುತ್ತಾರೆ, ಬಿಯರ್ ಪರೀಕ್ಷಕರು ಸಾಮಾನ್ಯವಾಗಿ ಒಂದಿಷ್ಟು ನುಂಗುತ್ತಾರೆ, ಏಕೆಂದರೆ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಹಿಂದೆ ಸರಿಯುತ್ತದೆ ಎಂಬುದು ತೀರ್ಪಿನ ಭಾಗ. ನಾಲಿಗೆಯ ಹಿಂಭಾಗ ಮಾತ್ರ ಕಹಿಯನ್ನು ಗ್ರಹಿಸುತ್ತದೆ ಎಂದು ಶಾಲೆಯಲ್ಲಿ ಕಲಿತ ಚಿತ್ರ ತಪ್ಪೆಂದು ಎಂದೋ ಗೊತ್ತಾಗಿದೆ.

ಇನ್ನು ತಣ್ಣಗಿನ ಮಾತು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುವ ಬಿಯರಿನಲ್ಲಿ ಗುಣವೂ ಮುಚ್ಚಿಹೋಗುತ್ತದೆ, ದೋಷವೂ ಮುಚ್ಚಿಹೋಗುತ್ತದೆ. ಲಾಗರಿಗೆ 4–7 ಡಿಗ್ರಿ ಸೆಲ್ಸಿಯಸ್, ತುಸು ಬೆಚ್ಚಗೆ ಹುದುಗಿಸುವ ಏಲುಗಳಿಗೆ 8–12, ಬಾರ್ಲಿವೈನಿನಂಥ ಗಟ್ಟಿ ಬಿಯರುಗಳಿಗೆ ಅದಕ್ಕೂ ತುಸು ಮೇಲೆ ಎಂಬುದು ಸ್ಥೂಲ ಅಂದಾಜು. ಪ್ರತಿ ಲೋಟದಲ್ಲೂ ಎರಡು ಗುಟುಕು ಉಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ನಾನು ಬದಲಾಯಿಸಿದ ತೀರ್ಪುಗಳಲ್ಲಿ ಹೆಚ್ಚಿನವು ಆ ಎರಡನೆಯ ಸುತ್ತಿನಲ್ಲಿ ಬದಲಾದವು.

ಪ್ರಶ್ನೆ: ಒಂದು ಕಡೆ ಲಾಗರ್ ಬಿಯರಿನಲ್ಲಿ ಸ್ಪಷ್ಟವಾಗಿ ಬೆಣ್ಣೆಯ ವಾಸನೆ ಬಂತು. ಕೇಳಿದರೆ ‘ಇದರ ಶೈಲಿಯೇ ಹಾಗೆ’ ಎಂದರು. ನಂಬಬಹುದೆ?

ಉತ್ತರ: ಅರ್ಧ ನಂಬಬಹುದು. ಬೆಣ್ಣೆಯ ಆ ವಾಸನೆಗೆ ಕಾರಣವಾದ ವಸ್ತುವಿನ ಹೆಸರು ಡೈಅಸಿಟೈಲ್. ಜೆಕ್ ಮಾದರಿಯ ಪಿಲ್ಸ್‌ನರಿನಲ್ಲೂ ಕೆಲವು ಬ್ರಿಟಿಷ್ ಏಲುಗಳಲ್ಲೂ ಅದರ ತೆಳು ಸುಳಿವು ಮಾತ್ರ ಇದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಉಳಿದ ಲಾಗರುಗಳಲ್ಲಿ, ಅದರಲ್ಲೂ ನೀವು ಹೇಳುವಷ್ಟು ಸ್ಪಷ್ಟವಾಗಿ ಬಂದರೆ, ಅದು ದೋಷ. ಹುದುಗುವಾಗ ಯೀಸ್ಟು ಹೊರಬಿಟ್ಟ ಒಂದು ವಸ್ತು ಬಿಯರಿನಲ್ಲಿ ತಾನಾಗಿಯೇ ಡೈಅಸಿಟೈಲ್ ಆಗಿ ಮಾರ್ಪಡುತ್ತದೆ, ಸಮಯ ಮತ್ತು ತಕ್ಕಷ್ಟು ಬೆಚ್ಚಗೆ ಸಿಕ್ಕರೆ ಅದೇ ಯೀಸ್ಟು ಅದನ್ನು ಮರಳಿ ಹೀರಿಕೊಂಡು ವಾಸನೆಯಿಲ್ಲದ ವಸ್ತುವಾಗಿಸುತ್ತದೆ. ಅದಕ್ಕಾಗಿಯೇ ಲಾಗರ್ ಹುದುಗಿ ಮುಗಿಯುವ ಹೊತ್ತಿಗೆ ತಾಪಮಾನವನ್ನು 15–18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಹಾಗೇ ಬಿಡುವ ಪದ್ಧತಿಯಿದೆ. ಟ್ಯಾಂಕು ಬೇಗ ಖಾಲಿಯಾಗಲಿ ಎಂಬ ಅವಸರದಲ್ಲಿ ಮೊದಲೇ ತಣ್ಣಗಾಗಿಸಿದರೆ ಬೆಣ್ಣೆ ಉಳಿದುಬಿಡುತ್ತದೆ. ಎಚ್ಚರದ ಬ್ರೂವರುಗಳು ತಣ್ಣಗಾಗಿಸುವ ಮುನ್ನ ಒಂದು ಮಾದರಿಯನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆಯಷ್ಟು ಇಟ್ಟು, ಆರಿಸಿ, ಬಿಸಿ ಮಾಡದ ಮಾದರಿಯ ಜೊತೆಗಿಟ್ಟು ಮೂಸುತ್ತಾರೆ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಎದ್ದರೆ ಇನ್ನೂ ಕಾಯಬೇಕು.

ಆದರೆ ತಪ್ಪು ಯಾವಾಗಲೂ ಟ್ಯಾಂಕಿನದೇ ಆಗಿರಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಬ್ರೂವರಿಯಲ್ಲಿ ನನಗೂ ಇದೇ ಬೆಣ್ಣೆ ಸಿಕ್ಕಿತ್ತು. ‘ಅವಸರದ ಕೆಲಸ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡೆ, ಸುಮ್ಮನಿರಲಾರದೆ ಬ್ರೂವರ್ ಅವರಿಗೂ ಹೇಳಿದೆ. ಅವರು ಮರುಮಾತಾಡದೆ ನನ್ನನ್ನು ತಣ್ಣನೆಯ ಕೋಣೆಗೆ ಕರೆದುಕೊಂಡು ಹೋಗಿ, ಟ್ಯಾಂಕಿನ ಬದಿಯ ಸಣ್ಣ ನಲ್ಲಿಗೆ ಸ್ಪಿರಿಟ್ ಸಿಂಪಡಿಸಿ ಒರೆಸಿ, ಮೊದಲ ಧಾರೆಯನ್ನು ಚೆಲ್ಲಿ, ಅರ್ಧ ಲೋಟ ಹಿಡಿದು ಕೊಟ್ಟರು. ಬ್ರೆಡ್ಡಿನ ಸಿಪ್ಪೆಯ ಘಮ, ಹಾಪ್ಸಿನ ತೆಳು ಹೂವಿನ ಕಂಪು, ಬೆಣ್ಣೆಯ ಸುಳಿವೇ ಇಲ್ಲ. ಅಲ್ಲಿಂದ ಹೊರಗಿನ ನಲ್ಲಿಯವರೆಗೆ ಹೋಗುವ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿತ್ತು, ಅವೂ ಡೈಅಸಿಟೈಲ್ ಹುಟ್ಟಿಸಬಲ್ಲವು. ಕೊಳವೆಗಳನ್ನು ಎರಡು ವಾರಕ್ಕೊಮ್ಮೆಯಾದರೂ ರಾಸಾಯನಿಕ ಹಾಕಿ ತೊಳೆಯಬೇಕು, ಅಲ್ಲಿ ಅದು ತಪ್ಪಿಹೋಗಿತ್ತು. ನಾನು ಬರೆದುಕೊಂಡ ಸಾಲನ್ನು ಹೊಡೆದುಹಾಕಬೇಕಾಯಿತು.

ಆದ್ದರಿಂದ ಅಂಥ ವಾಸನೆ ಬಂದಾಗ ಅದೇ ಜಾಗದ ಇನ್ನೊಂದು ಬಿಯರನ್ನೂ ಮೂಸಿ ನೋಡಿ. ಎಲ್ಲದರಲ್ಲೂ ಬೆಣ್ಣೆಯೋ ವಿನೆಗರೋ ಇದ್ದರೆ ಕೊಳವೆಯ ಕಡೆ ಬೆರಳು ತೋರಿಸಬಹುದು, ಒಂದರಲ್ಲೇ ಇದ್ದರೆ ಆ ಬಿಯರಿನ ಕಡೆಗೆ. ಯಾವುದಾದರೂ ಸರಿ, ‘ಬೆಣ್ಣೆಯ ವಾಸನೆ ಬರುತ್ತಿದೆ, ಒಮ್ಮೆ ನೋಡುತ್ತೀರಾ’ ಎಂದು ಮೆಲ್ಲಗೆ ಹೇಳಿದರೆ ಒಳ್ಳೆಯ ಬ್ರೂವರ್ ಬೇಸರಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಫಲಕದ ಮೇಲೆ ಐಬಿಯು (ಕಹಿಯ ಅಳತೆ) 40 ಎಂದು ಬರೆದಿದ್ದ ಬಿಯರ್ 25ರದ್ದಕ್ಕಿಂತ ಕಡಿಮೆ ಕಹಿಯೆನಿಸಿತು. ಫಲಕ ಸುಳ್ಳೆ?

ಉತ್ತರ: ಸುಳ್ಳಿರಲಿಕ್ಕಿಲ್ಲ. ಒಂದು ಐಬಿಯು ಎಂದರೆ ಸುಮಾರಾಗಿ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಹಾಪ್ಸಿನ ಕಹಿ ಅಂಶ. ಅದು ಪ್ರಯೋಗಾಲಯದ ಅಳತೆ, ನಾಲಿಗೆಯದಲ್ಲ. ಮಾಲ್ಟಿನ ಸಿಹಿ ಹೆಚ್ಚು ಉಳಿದ ಬಿಯರಿನಲ್ಲಿ 40 ಕೂಡ ಮೆತ್ತಗಾಗುತ್ತದೆ, ಒಣಗಿದಂತೆ ಮುಗಿಯುವ ತೆಳು ಬಿಯರಿನಲ್ಲಿ 25 ಕೂಡ ಚುಚ್ಚುತ್ತದೆ. ಫಲಕದಲ್ಲಿ ಹುದುಗುವ ಮೊದಲಿನ ಮತ್ತು ಹುದುಗಿದ ನಂತರದ ಸಾಂದ್ರತೆಯ ಅಂಕಿಗಳೂ (ನೀರಿನದು 1.000) ಇದ್ದರೆ ಕೊನೆಯದನ್ನು ಗಮನಿಸಿ: 1.008ಕ್ಕೆ ಇಳಿದದ್ದು ತೆಳು, 1.020ರಲ್ಲಿ ನಿಂತದ್ದು ದಪ್ಪ. ಮೊದಲ ಅಂಕಿಯಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿದರೆ ಮದ್ಯಾಂಶ ಸಿಗುತ್ತದೆ, 1.050ರಿಂದ 1.010ಕ್ಕೆ ಇಳಿದದ್ದರಲ್ಲಿ ಸುಮಾರು 5.25 ಶೇಕಡಾ.

ಪ್ರಶ್ನೆ: ಬ್ರೂವರಿಯಲ್ಲಿ ಅಷ್ಟು ಚೆನ್ನಾಗಿದ್ದ ಬಿಯರನ್ನು ಗ್ರೌಲರಿನಲ್ಲಿ (ಬಿಯರ್ ಮನೆಗೆ ಒಯ್ಯುವ ದೊಡ್ಡ ಬಾಟಲಿಯಲ್ಲಿ) ತುಂಬಿಸಿಕೊಂಡು ಬಂದೆ. ವಾರ ಬಿಟ್ಟು ತೆರೆದರೆ ಒದ್ದೆ ರಟ್ಟಿನಂಥ ವಾಸನೆ. ಕುಡಿದಿದ್ದರೆ ಆರೋಗ್ಯ ಕೆಡುತ್ತಿತ್ತೆ?

ಉತ್ತರ: ಆರೋಗ್ಯದ ಭಯ ಬೇಡ. ಮದ್ಯಾಂಶ, ಹಾಪ್ಸು, ಬಿಯರಿನ ಸಹಜ ಆಮ್ಲತೆ ಎಲ್ಲವೂ ಸೇರಿರುವುದರಿಂದ ರೋಗ ತರುವ ಬ್ಯಾಕ್ಟೀರಿಯಾಗಳು ಅದರಲ್ಲಿ ಬಾಳುವುದು ಬಲು ಕಷ್ಟ. ಕೆಟ್ಟದ್ದು ರುಚಿ ಮಾತ್ರ, ಕೆಡಿಸಿದ್ದು ಆಮ್ಲಜನಕ. ನಲ್ಲಿಯಿಂದ ತುಂಬುವಾಗ ಬಾಟಲಿಯೊಳಗೆ ಗಾಳಿ ಸೇರದೆ ಇರುವುದಿಲ್ಲ. ಸಣ್ಣ ಬ್ರೂವರಿಯ ಬಿಯರನ್ನು ಬಹಳ ಸಲ ಪಾಶ್ಚರೀಕರಿಸಿರುವುದೂ ಇಲ್ಲ, ಸೋಸಿರುವುದೂ ಇಲ್ಲ. ಕತ್ತಿನವರೆಗೆ ತುಂಬಿಸಿ, ತಣ್ಣಗಿಟ್ಟು, ಎರಡು ಮೂರು ದಿನದೊಳಗೆ ಮುಗಿಸಿ, ಮುಚ್ಚಳ ತೆರೆದ ಮೇಲೆ ಅದೇ ದಿನ. ಹಾಪ್ಸಿನ ಘಮವನ್ನೇ ನೆಚ್ಚಿಕೊಂಡ ಐಪಿಎಗಳು ಎಲ್ಲಕ್ಕಿಂತ ಮೊದಲು ಸೋಲುತ್ತವೆ.

ಬೆಳಕಿನದು ಬೇರೆಯೇ ಹಾನಿ. ಬಿಸಿಲು ಬಿದ್ದಾಗ ಹಾಪ್ಸಿನ ಕಹಿ ಅಂಶ ಒಡೆದು ಕಾಡುಪ್ರಾಣಿಯ ಗಬ್ಬುನಾತದಂಥ ಒಂದು ಗಂಧಕದ ವಾಸನೆ ಹುಟ್ಟುತ್ತದೆ, ತಿಳಿ ಗಾಜಿನಲ್ಲಿ ಅದಕ್ಕೆ ಕೆಲವು ನಿಮಿಷ ಸಾಕು. ಕಂದು ಗಾಜು ಚೆನ್ನಾಗಿ ತಡೆಯುತ್ತದೆ, ಹಸಿರು ಗಾಜಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೀಗೆ ಹಾಳಾದ ಬಾಟಲಿಯನ್ನು ಇಟ್ಟುಕೊಂಡು ಬ್ರೂವರಿಗೆ ಅಂಕ ಕೊಡಬಾರದು.

ಪ್ರಶ್ನೆ: ಸಣ್ಣ ಬ್ರೂವರಿಯ ಬಿಯರ್ ದೊಡ್ಡ ಕಂಪನಿಯದಕ್ಕಿಂತ ಯಾವಾಗಲೂ ಮೇಲು ತಾನೆ?

ಉತ್ತರ: ಅಲ್ಲ. ಒಂದೇ ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸುವ ವಿಧಾನವನ್ನು 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ರೂಢಿಗೆ ತಂದದ್ದು ಕಾರ್ಲ್ಸ್‌ಬರ್ಗ್ ಎಂಬ ದೊಡ್ಡ ಬ್ರೂವರಿಯ ಪ್ರಯೋಗಾಲಯದಲ್ಲಿ. ಆಮ್ಲತೆ ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ಸೋರೆನ್‌ಸೆನ್ ರೂಪಿಸಿದ್ದೂ ಅಲ್ಲಿಯೇ. ಇಂದಿನ ಸಣ್ಣ ಬ್ರೂವರಿಗಳೆಲ್ಲ ಆ ಕೆಲಸದ ಫಲ ಉಣ್ಣುತ್ತಿವೆ. ನೀರಿನಷ್ಟು ತೆಳುವಾದ ಲಾಗರನ್ನು ಪ್ರತಿ ಸಲವೂ ಒಂದೇ ರುಚಿಯಲ್ಲಿ ತಯಾರಿಸುವುದು ಎಷ್ಟು ಕಷ್ಟವೆಂದು ಬ್ರೂವರುಗಳನ್ನೇ ಕೇಳಿ. ಸಣ್ಣವರ ಬಲ ಇರುವುದು ತಾಜಾತನದಲ್ಲಿ ಮತ್ತು ಸಾಹಸದಲ್ಲಿ, ಅವರ ದೌರ್ಬಲ್ಯ ಈ ತಿಂಗಳದ್ದು ಮುಂದಿನ ತಿಂಗಳಿಗೆ ಇರದಿರುವುದರಲ್ಲಿ. ಒಂದು ಭೇಟಿಗೆ ತೀರ್ಪು ಬರೆಯಬೇಡಿ. ಹೊಸ ಜಾಗಕ್ಕೆ ಹೋದಾಗ ನಾನು ಮೊದಲು ಕೇಳುವುದು ಅವರ ಅತ್ಯಂತ ಸಾದಾ ಬಿಯರನ್ನು. ಹಣ್ಣು, ಕಾಫಿ, ರಾಶಿ ಹಾಪ್ಸು ಯಾವುದೂ ಇಲ್ಲದ ಅದರಲ್ಲಿ ತಪ್ಪು ಅಡಗಿಸಿಡಲು ಜಾಗವಿರುವುದಿಲ್ಲ.

ಪ್ರಶ್ನೆ: ಟಿಪ್ಪಣಿ ಬರೆಯಲು ಕೂತರೆ ‘ಚೆನ್ನಾಗಿದೆ’ಯ ಆಚೆಗೆ ಪದ ಸಿಗುವುದಿಲ್ಲ. ಇದಕ್ಕೆಲ್ಲ ಇಂಗ್ಲಿಷೇ ಬೇಕೆ? ನಾನು ಗುರುತಿಸುವ ವ್ಯತ್ಯಾಸಗಳೆಲ್ಲ ಬರೀ ಕಲ್ಪನೆ ಎಂದು ಗೆಳೆಯರು ನಗುತ್ತಾರೆ.

ಉತ್ತರ: ಮೊದಲು ಪದದ ವಿಚಾರ. ಮೊರ್ಟೆನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬಿಯರಿನ ವಾಸನೆ-ರುಚಿಗಳ ಒಂದು ಚಕ್ರವನ್ನೇ ರೂಪಿಸಿದರು, ಪರೀಕ್ಷಕರು ಇಂದಿಗೂ ಅದನ್ನು ಆಧರಿಸುತ್ತಾರೆ. ಆದರೆ ಆ ಚಕ್ರದಲ್ಲಿ ಕಷ್ಟಪಟ್ಟು ವಿವರಿಸಬೇಕಾದದ್ದಕ್ಕೆ ನಮ್ಮಲ್ಲಿ ದಿನಬಳಕೆಯ ಪದವೇ ಇದೆ. ಕಹಿ ಬೇರೆ, ಒಗರು ಬೇರೆ ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಬಿಯರಿನಲ್ಲಿ ಕಹಿ ಹಾಪ್ಸಿನಿಂದ ಬಂದರೆ, ನಾಲಿಗೆ ಎಳೆದಂತಾಗುವ ಒಗರು ಹೆಚ್ಚಾಗಿ ಧಾನ್ಯದ ಹೊಟ್ಟನ್ನು ಅತಿ ಬಿಸಿ ನೀರಿನಲ್ಲಿ ತೊಳೆದಾಗ ಇಳಿದ ಟ್ಯಾನಿನ್‌ನಿಂದ ಬರುತ್ತದೆ. ಹಳೆಯ ಹಾಪ್ಸಿನ ಕೆಟ್ಟ ಚೀಸಿನಂಥ ವಾಸನೆಗೆ ‘ಕಮಟು’ ಎನ್ನಿ, ಬೂಸ್ಟು ಹಿಡಿದದ್ದಕ್ಕೆ ‘ಮುಗ್ಗಲು’, ಮದ್ಯಾಂಶ ಮೂಗಿಗೆ ಅಡರಿದರೆ ‘ಘಾಟು’, ಹುದುಗಿ ಮುಗಿಯದ ಬಿಯರಿನ ಹಸಿ ಸೇಬಿನ ವಾಸನೆಗೆ ‘ಹಸಿ’ ಎಂದರೂ ಸಾಕು. ಎಷ್ಟು ಎಂಬುದನ್ನೂ ಜೊತೆಗೆ ಬರೆಯಿರಿ: ಇಲ್ಲ, ತುಸು, ನಡುವೆ, ಜೋರು.

ಗೆಳೆಯರ ನಗುವಿಗೆ ಒಂದು ಪರೀಕ್ಷೆಯಿದೆ. ಒಂದೇ ತರಹದ ಮೂರು ಲೋಟ ತೆಗೆದುಕೊಂಡು, ನಿಮಗೆ ಕಾಣದಂತೆ ಎರಡಕ್ಕೆ ಒಂದು ಬಿಯರ್, ಮೂರನೆಯದಕ್ಕೆ ಇನ್ನೊಂದು ಬಿಯರ್ ಸುರಿಯಲು ಅವರಿಗೇ ಹೇಳಿ. ಬಣ್ಣ ಗುಟ್ಟು ಬಿಟ್ಟುಕೊಡುವಂತಿದ್ದರೆ ಕಣ್ಣು ಕಟ್ಟಿಕೊಳ್ಳಿ. ಬೇರೆಯಾದದ್ದು ಯಾವುದೆಂದು ನೀವು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುವುದರಿಂದ ಒಂದೇ ಸುತ್ತು ಏನನ್ನೂ ಸಾಬೀತು ಮಾಡದು. ಲೋಟಗಳ ಜಾಗ ಬದಲಿಸುತ್ತ, ಒಂದೊಂದು ಗುಟುಕಿನಲ್ಲಿ ಆರು ಸುತ್ತು ನಡೆಸಿ. ಆರರಲ್ಲಿ ಐದು ಸರಿಯಾದರೆ ಅದು ಅದೃಷ್ಟವೆನ್ನುವುದು ಕಷ್ಟ, ನಾಲ್ಕಾದರೆ ಗೆಳೆಯರು ವಾದಿಸಬಹುದು. ಒಂದು ಕಾಲದಲ್ಲಿ ನಾನು ಎಲ್ಲರೆದುರು ಬಹಳ ವಿಶ್ವಾಸದಿಂದ ಈ ಪರೀಕ್ಷೆಗೆ ಕೂತು ಆರರಲ್ಲಿ ಎರಡು ಸರಿ ಹೇಳಿದೆ, ಅಂದರೆ ಕಣ್ಣು ಮುಚ್ಚಿ ಬೆರಳಿಟ್ಟಿದ್ದರೂ ಬರುತ್ತಿದ್ದಷ್ಟೇ.